ನಾನು ಬ್ರೇಕ್ ಲೈಟಾಗಿದ್ದ ಭಾನುವಾರ

ನೀವು ಗಾಡಿ ಓಡಿಸುವವರಾದರೆ ಒಂದು ಮಾತು ಕೇಳುತ್ತೇನೆ, ಬೇಸರ ಮಾಡಿಕೊಳ್ಳಬೇಡಿ. ನಿಮ್ಮ ಗಾಡಿಯ ಬ್ರೇಕ್ ಲೈಟು ಉರಿಯುವುದನ್ನು ನೀವು ಎಂದಾದರೂ ಕಣ್ಣಾರೆ ಕಂಡಿದ್ದೀರಾ? ಕಂಡಿರಲಾರಿರಿ. ಅದು ಗೊರಕೆಯ ಹಾಗೆ. ವಸ್ತು ನಮ್ಮದೇ, ಅನುಭವ ಮಾತ್ರ ಪರರದ್ದು. ಬ್ರೇಕು ತುಳಿಯಬೇಕಾದರೆ ಒಳಗೆ ಕೂತಿರಬೇಕು, ದೀಪ ನೋಡಬೇಕಾದರೆ ಹಿಂದೆ ನಿಂತಿರಬೇಕು. ಎರಡೂ ಒಬ್ಬರ ಕೈಲಾಗುವ ಕೆಲಸವಲ್ಲ. ಮದುವೆಯಾಗುವುದಕ್ಕೆ ಹಿರಿಯರು ಹೇಳುವ ಕಾರಣಗಳಲ್ಲಿ ಇದನ್ನೂ ಸೇರಿಸಬಹುದಿತ್ತು.

ನನಗಂತೂ ಒಂದು ಚಟ ಅಂಟಿಕೊಂಡುಬಿಟ್ಟಿದೆ. ಸಿಗ್ನಲ್ಲಿನಲ್ಲಿ ನಿಂತಾಗಲೆಲ್ಲ ಹಿಂದಿನ ಕಾರಿನ ಬಾನೆಟ್ಟಿನ ಮೇಲೆ ನನ್ನ ಗಾಡಿಯ ಕೆಂಪು ಬಿದ್ದಿದೆಯೇ ಎಂದು ಕನ್ನಡಿಯಲ್ಲಿ ಹುಡುಕುತ್ತೇನೆ. ಹಿಂದಿನವರು ಆ ನೋಟವನ್ನು ತಪ್ಪಾಗಿ ತಿಳಿದದ್ದೂ ಉಂಟು. ಪಕ್ಕದಲ್ಲಿ ಕೂತ ಮಗಳು, “ಮಮ್ಮಾ, ಫಿರ್ ಸೇ? ಲೈಟ್ ಇದೆ, ಚಲೋ ನಾ!” ಎಂದು ತಲೆ ಚಚ್ಚಿಕೊಳ್ಳುತ್ತಾಳೆ. ಅವಳಿಗೇನು ಗೊತ್ತು? ಅವಳು ಹುಟ್ಟುವ ಮೊದಲು, ಒಂದು ಭಾನುವಾರ, ಅವಳನ್ನು ಹೆತ್ತವಳೇ ಬ್ರೇಕ್ ಲೈಟ್ ಆಗಿದ್ದಳು.

ಆಗ ನಾವಿದ್ದದ್ದು ದಿಲ್ಲಿಯ ಅಂಚಿನ ಇಂದಿರಾಪುರಂನಲ್ಲಿ. ಅಲ್ಲಿ ಆ ಕಾಲಕ್ಕೆ ಕಟ್ಟಡಗಳಿಗಿಂತ ಕ್ರೇನುಗಳೇ ಹೆಚ್ಚು. ‘ಫಾರೆಸ್ಟ್ ವ್ಯೂ’ ಎಂದು ಹೆಸರಿಟ್ಟ ನಮ್ಮ ಅಪಾರ್ಟ್‌ಮೆಂಟ್ ಸೊಸೈಟಿಯ ಕಿಟಕಿಯಿಂದ ಕಾಣುತ್ತಿದ್ದ ಕಾಡೆಂದರೆ ಕಬ್ಬಿಣದ ಸರಳುಗಳದ್ದು. ನನ್ನ ಗಂಡ ಪ್ರಕಾಶ್ ಸಿವಿಲ್ ಎಂಜಿನಿಯರಿಂಗ್ ಓದಿ, ಗುರ್‌ಗಾಂವಿನ ಕಂಪನಿಯೊಂದರಲ್ಲಿ ಮೀಟಿಂಗುಗಳಿಗೆ ಬಣ್ಣಬಣ್ಣದ ಸ್ಲೈಡು ಮಾಡಿಕೊಡುತ್ತಿದ್ದರು. ನಾನು ನೋಯ್ಡಾದಲ್ಲಿ ಸಾಫ್ಟ್‌ವೇರ್ ಟೆಸ್ಟರ್. ಬೇರೆಯವರು ಮಾಡಿದ ಕೆಲಸದಲ್ಲಿ ತಪ್ಪು ಹುಡುಕುವುದೇ ನನ್ನ ಉದ್ಯೋಗ, ಅದಕ್ಕೆ ಸಂಬಳವನ್ನೂ ಕೊಡುತ್ತಾರೆ ಎಂದಾಗ ನಮ್ಮತ್ತೆ ಗಿರಿಜಮ್ಮನವರು ದಂಗಾಗಿದ್ದರು. “ಅಯ್ಯೋ, ಅದನ್ನ ನಾನು ಜೀವಮಾನವೆಲ್ಲ ಪುಕ್ಕಟೆ ಮಾಡಿದೆನಲ್ಲೇ!”

ಅತ್ತೆ ಹಾಸನದ ಪ್ರೈಮರಿ ಶಾಲೆಯಲ್ಲಿ ಹೆಡ್‌ಮಿಸ್ಸಾಗಿ ನಿವೃತ್ತರಾಗಿ ನಮ್ಮ ಜೊತೆ ಇರಲು ಬಂದವರು. ಹಿಂದಿ ಬಾರದು. ಕರೆಂಟು ಹೋದರೆ ಲಿಫ್ಟೂ ಇಲ್ಲ. ಜೀವಮಾನವೆಲ್ಲ ಒಂದು ಶಾಲೆಯನ್ನೇ ಗದರಿಸಿ ಕೂರಿಸಿದ ಗಂಟಲಿಗೆ ಇಲ್ಲಿ ಬೈಯಲು ಒಂದು ನರಪಿಳ್ಳೆಯೂ ಸಿಗದೆ, ಬಾಲ್ಕನಿಯಲ್ಲಿ ಕೂತು ಪಾರಿವಾಳಗಳಿಗೆ ಶಿಸ್ತು ಕಲಿಸುತ್ತಿದ್ದರು. ನನಗೂ ಅವರಿಗೂ ಜಗಳವಿರಲಿಲ್ಲ, ಮಾತೂ ಇರಲಿಲ್ಲ. ಉಪ್ಪು ಸಾಕಾ, ಹಾಲು ಬಂತಾ, ಗ್ಯಾಸು ಬುಕ್ ಮಾಡಿದೆಯಾ ಎಂಬಲ್ಲಿಗೆ ನಮ್ಮ ಸಾಹಿತ್ಯ ಮುಗಿಯುತ್ತಿತ್ತು. ಹಾಸನಕ್ಕೆ ಹಿಂತಿರುಗುವ ಮಾತು ಆಗಾಗ ಬರುತ್ತಿತ್ತು.

ಆಗ ಪಕ್ಕದ ಬ್ಲಾಕಿನಲ್ಲಿ ಕನ್ನಡದವರೊಬ್ಬರ ಮಗುವಿನ ನಾಮಕರಣಕ್ಕೆ ಅತ್ತೆ ಬಿಸಿಬೇಳೆಬಾತ್ ಮಾಡಿಕೊಟ್ಟರು. ಮಗುವಿಗೆ ಏನು ಹೆಸರಿಟ್ಟರೋ ಯಾರಿಗೂ ನೆನಪಿಲ್ಲ, ಬಿಸಿಬೇಳೆಬಾತಿನ ಹೆಸರು ಮಾತ್ರ ನೋಯ್ಡಾ ದಾಟಿ ದಕ್ಷಿಣ ದಿಲ್ಲಿಯವರೆಗೆ ಹೋಯಿತು. ಊರು ಬಿಟ್ಟ ಕನ್ನಡಿಗನಿಗೆ ಭಾಷೆ ಮರೆತರೂ ಹುಳಿ ಮರೆಯುವುದಿಲ್ಲ. ಗೃಹಪ್ರವೇಶ, ಸೀಮಂತ, ಸತ್ಯನಾರಾಯಣ ಪೂಜೆ ಎಂದು ವಾರವಾರವೂ ಕರೆ ಬರತೊಡಗಿತು. ಆಟೋದವರು ತಿರುವಿನಲ್ಲೆಲ್ಲ ಸಾರು ಚೆಲ್ಲುತ್ತಾರೆಂದು, ಶಾಮಿಯಾನ ಬಾಡಿಗೆಗೆ ಕೊಡುವ ಟೆಂಟ್‌ಹೌಸಿನವರೊಬ್ಬರು ಮಾರುತ್ತಿದ್ದ ಹಳೆಯ ಬಿಳಿ ಪಿಕಪ್ಪನ್ನು ಪ್ರಕಾಶ್ ಕೊಂಡುಬಿಟ್ಟರು. ಅದರ ಹಿಂದೆ ‘ಹಾರ್ನ್ ಪ್ಲೀಸ್’ ಎಂದು ಬರೆದಿತ್ತು. ದಿಲ್ಲಿಯ ರಸ್ತೆಗಳಲ್ಲಿ ಬರೆದಿರುವ ಎಷ್ಟೋ ಸೂಚನೆಗಳಲ್ಲಿ ಜನ ಶ್ರದ್ಧೆಯಿಂದ ಪಾಲಿಸುವುದು ಇದೊಂದನ್ನೇ.

ಬ್ರೇಕ್ ಲೈಟು ಕೆಟ್ಟ ಸಂಗತಿಯನ್ನು ನಮಗೆ ತಿಳಿಸಿದವನು ಒಬ್ಬ ಸ್ಕೂಟರಿನವನು. ನೋಯ್ಡಾದಿಂದ ಖಾಲಿ ಪಾತ್ರೆಗಳೊಂದಿಗೆ ಬರುತ್ತಿದ್ದಾಗ ಪಕ್ಕಕ್ಕೆ ಬಂದು ನಮ್ಮ ವಂಶದ ಮೂರು ತಲೆಮಾರನ್ನು ಸ್ಮರಿಸಿ, ಕೊನೆಯಲ್ಲಿ, “ಪೀಛೇ ಕೀ ಬತ್ತೀ ತೋ ಠೀಕ್ ಕರಾ ಲೋ!” ಎಂದ. ಅತ್ತೆ ಕೇಳಿದರು: “ಏನಂತೋ?” ಪ್ರಕಾಶ್, “ಹಿಂದಿನ ದೀಪ ಸರಿಮಾಡಿಸಿಕೊಳ್ಳಿ ಅಂದ್ರು ಅಮ್ಮ” ಎಂದರು. “ಅಷ್ಟು ಹೇಳೋಕೆ ಅಷ್ಟೊಂದು ಮಾತಾಡಿದನಾ? ಸಭ್ಯಸ್ಥ” ಎಂದರು ಅತ್ತೆ.

ಆ ವಾರ ಪೂರ್ತಿ ನಮ್ಮ ಸೊಸೈಟಿಯ ಪಾರ್ಕಿಂಗ್ ಒಂದು ಸಂಶೋಧನಾಲಯವಾಯಿತು. ಮೆಕ್ಯಾನಿಕ್ಕಿಗೆ ತೋರಿಸೋಣ ಎಂದೆ. “ಮನೆಯಲ್ಲೇ ಎಂಜಿನಿಯರ್ ಇರುವಾಗ?” ಎಂದರು ಪ್ರಕಾಶ್. ಅವರು ಕಟ್ಟಲು ಕಲಿತದ್ದು ಸೇತುವೆ ಎಂಬುದನ್ನು ನಾನು ಬಾಯಿ ಬಿಟ್ಟು ಹೇಳಲಿಲ್ಲ. ಸಂಜೆ ಆಫೀಸಿನಿಂದ ಬಂದವರೇ ಎರಡೂ ಬಲ್ಬು ಬದಲಾಯಿಸಿ ಒಳಗೆ ಕೂತು ಪೆಡಲು ತುಳಿದರು. ನಾನು ಹಿಂದೆ.

“ಈಗ?”

“ಇಲ್ಲ.”

“ಈಗ?”

“ಇಲ್ಲ ರೀ.”

“ಸರಿಯಾಗಿ ನೋಡು!”

ದೀಪ ಉರಿದಿದೆಯೇ ಎಂದು ಸರಿಯಾಗಿ ನೋಡುವುದು ಹೇಗೆಂದು ನನಗೆ ಇವತ್ತಿಗೂ ತಿಳಿದಿಲ್ಲ. ಅಷ್ಟರಲ್ಲಿ ಬಾಲ್ಕನಿಗಳಲ್ಲಿ ಜನ ಸೇರಿದ್ದರು. ಆ ಹೊತ್ತಿಗೆ ಕರೆಂಟು ಹೋಗಿ ಟಿವಿ ಧಾರಾವಾಹಿಗಳು ನಿಂತಿದ್ದವಾದ್ದರಿಂದ ನಮಗೆ ಒಳ್ಳೆಯ ಪ್ರೇಕ್ಷಕವರ್ಗ ಸಿಕ್ಕಿತು. ಪ್ರಕಾಶ್ “ಈಗ?” ಎಂದಾಗಲೆಲ್ಲ ಕನ್ನಡದ ಗಂಧವಿಲ್ಲದ ಮಹಡಿಗಳಿಂದ ಒಕ್ಕೊರಲಿನಲ್ಲಿ “ನಹೀಂ ಜಲೀ!”, ಹತ್ತಲಿಲ್ಲ, ಎಂದು ಉತ್ತರ ಬರುತ್ತಿತ್ತು.

ಮರುದಿನ ಹೌಜ್ ಖಾಸ್‌ನಿಂದ ನಜೀರ್ ಬಂದ. ಶಿವಮೊಗ್ಗದ ಹುಡುಗ, ದಿಲ್ಲಿಯ ದೊಡ್ಡ ಎಂಜಿನಿಯರಿಂಗ್ ಸಂಸ್ಥೆಯಲ್ಲಿ ವಿದ್ಯುತ್ತಿನ ಮೇಲೇ ಪಿಎಚ್‌ಡಿ ಮಾಡುತ್ತಿದ್ದ. ಹಾಸ್ಟೆಲಿನ ರಾಜ್ಮಾ ತಿಂದು ಜೀವ ಬೇಸತ್ತು, ಅತ್ತೆಯ ಅಡುಗೆಗಾಗಿ ಎರಡು ಬಸ್ಸು ಬದಲಿಸಿ ಬರುತ್ತಿದ್ದ. ಮೀಟರು, ತಂತಿ ಎಲ್ಲ ತಂದಿದ್ದ. “ಎರಡೂ ಒಟ್ಟಿಗೇ ಹೋಗಿದೆ ಅಂದ್ರೆ ಬಲ್ಬಿನ ತಪ್ಪಲ್ಲ ಅಕ್ಕ, ಇಬ್ಬರಿಗೂ ಒಂದೇ ಸಲ ಜ್ವರ ಬಂದಿದೆ ಅಂದ್ರೆ ನೀರಿನದ್ದೇ ದೋಷ” ಎಂದ. ನನಗೆ ಭರವಸೆ ಮೂಡಿತು. ಫ್ಯೂಸು ಬದಲಿಸಿದ. ಆಗಲಿಲ್ಲ. ಆದರೆ ಬ್ರೇಕು ತುಳಿದಾಗ ಬ್ರೇಕ್ ಲೈಟಿನ ಬದಲು ಎರಡು ಕಡೆಯ ಇಂಡಿಕೇಟರುಗಳು ಮಿಣುಮಿಣುಕೆಂದು ಮಂಕಾಗಿ ಹೊತ್ತಿದವು. ನಜೀರನ ಮುಖ ಅವಕ್ಕಿಂತ ಹೆಚ್ಚು ಬೆಳಗಿತು.

“ಅಕ್ಕ, ಇದು ಬಹಳ ಸುಂದರವಾದ ಸಮಸ್ಯೆ! ಅರ್ಥ್ ಸಿಗ್ತಿಲ್ಲ.”

ಅಲ್ಲೇ ಕುರ್ಚಿ ಹಾಕಿಸಿಕೊಂಡು ಕೂತಿದ್ದ ಅತ್ತೆ, “ಆಗಿನಿಂದ ನೀವಿಬ್ರೂ ಮಾತಾಡ್ತಿರೋದರಲ್ಲಿ ನನಗೂ ಅದು ಸಿಗ್ತಿಲ್ಲಪ್ಪ” ಎಂದರು.

ಅದಲ್ಲ ಅಮ್ಮ, ದೀಪಕ್ಕೆ ಬಂದ ಕರೆಂಟು ಹಿಂತಿರುಗಿ ಹೋಗಲು ಗಾಡಿಯ ಮೈಗೆ ಒಂದು ತಂತಿ ಕಟ್ಟಿರುತ್ತದೆ, ಅದು ಎಲ್ಲೋ ಕೈಬಿಟ್ಟಿದೆ ಎಂದು ನಜೀರ್ ವಿವರಿಸಿದ. ಎಲ್ಲಿ ಎಂದು ಹುಡುಕಲು ಡ್ಯಾಶ್‌ಬೋರ್ಡಿನ ಕೆಳಗೆ ತಲೆ ತೂರಿಸಿದ. ಅಲ್ಲಿ ಹಿಂದಿನ ಒಡೆಯರು ಸಂಗೀತದ ಪೆಟ್ಟಿಗೆಗೆ, ದೇವರ ಫೋಟೋದ ಮಿನುಗುದೀಪಕ್ಕೆ, ಹಿಮ್ಮುಖ ಹೋಗುವಾಗ ಹಾಡುವ ಗಂಟೆಗೆ ಎಂದು ಎಳೆದಿದ್ದ ತಂತಿಗಳ ಗೂಡೇ ಇತ್ತು. ಅದನ್ನು ಕಂಡ ನಜೀರ್ ಬ್ರೇಕ್ ಲೈಟು ಮರೆತು, ಒಂದು ಡ್ರಾಯಿಂಗ್ ಹಾಳೆಯ ಮೇಲೆ ನಕ್ಷೆ ಬರೆಯತೊಡಗಿದ. ಊಟದ ಹೊತ್ತಿಗೆ ಅದು ಅವನ ಥೀಸಿಸ್ಸಿಗಿಂತ ವೇಗವಾಗಿ ಬೆಳೆದಿತ್ತು.

ಮೂರನೆಯವರು ಸೊಸೈಟಿಯ ಕಾರ್ಯದರ್ಶಿ ಸಕ್ಸೇನಾಜಿ. ಪಾರ್ಕಿಂಗಿನಲ್ಲಿ ಮಾಲು ಸಾಗಿಸುವ ಗಾಡಿ ನಿಲ್ಲಿಸಬಾರದೆಂದು ಎಚ್ಚರಿಸಲು ಇಳಿದು ಬಂದವರು, ಗಾಡಿ ಕೆಟ್ಟಿದೆ ಎಂದು ತಿಳಿದೊಡನೆ ಎಚ್ಚರಿಕೆ ಮರೆತು ಆತ್ಮೀಯರಾದರು. ಕೆಟ್ಟ ಗಾಡಿಯ ಮುಂದೆ ಭಾರತೀಯ ಗಂಡಸರಲ್ಲಿ ಭೇದಭಾವವಿಲ್ಲ. “ಪೆಡಲ್ ಕೇ ನೀಚೇ ಸ್ವಿಚ್ ಹೋತಾ ಹೈ. ವಹೀ ಗಯಾ. ಲಿಖ್ ಕೇ ಲೇ ಲೋ” ಎಂದು, ಪೆಡಲಿನಡಿಯ ಸ್ವಿಚ್ಚೇ ಹೋಗಿದೆಯೆಂದು ತೀರ್ಮಾನಿಸಿ, ಅವರೇ ಬಗ್ಗಿ, ಸ್ವಿಚ್ಚು ಎಂದುಕೊಂಡು ಏನನ್ನೋ ಎಳೆದರು. ಆ ಕ್ಷಣದಿಂದ ಹಾರ್ನೂ ನಿಂತಿತು. ಕೊನೆಗೆ ರಸ್ತೆಯಂಚಿನ ಮೆಕ್ಯಾನಿಕ್ಕೊಬ್ಬನ ಬಳಿಗೂ ಹೋದದ್ದಾಯಿತು. ಅವನು ಹಾರ್ನು ಸರಿಮಾಡಿ, ಸ್ವಿಚ್ಚನ್ನು ಬದಲಿಸಿ, ದೀಪ ಹತ್ತದಿದ್ದುದನ್ನು ಕಂಡು, “ಗಾಡೀ ಪುರಾನೀ ಹೈ, ಭಾಯಿಸಾಬ್” ಎಂದು ಗಾಡಿಯ ಮುಪ್ಪಿನ ತತ್ವಜ್ಞಾನಕ್ಕೆ ಇಳಿದ.

ಹೀಗಿರುವಾಗ ಭಾನುವಾರ ಬಂತು. ಅದು ಸಾಮಾನ್ಯ ಭಾನುವಾರವಲ್ಲ. ಚಾಣಕ್ಯಪುರಿಯಲ್ಲಿ ನಮ್ಮ ರಾಜ್ಯದವರಿಗಾಗಿ ಇರುವ ಅತಿಥಿಗೃಹದಲ್ಲಿ ಹಿರಿಯ ಅಧಿಕಾರಿಯೊಬ್ಬರ ಬೀಳ್ಕೊಡುಗೆಯ ಊಟ. ಅತ್ತೆಗೆ ಸಿಕ್ಕ ಅತಿ ದೊಡ್ಡ ಕೆಲಸ. “ಈ ಊಟ ನೆಟ್ಟಗೆ ತಲುಪಲಿಲ್ಲ ಅಂದ್ರೆ ನಾನು ಸೌಟು ಕೆಳಗಿಟ್ಟು ಹಾಸನದ ರೈಲು ಹತ್ತಿದೆ ಅಂತ ತಿಳ್ಕೊಳ್ಳಿ” ಎಂದು ಹಿಂದಿನ ದಿನವೇ ಘೋಷಿಸಿದ್ದರು. ಬೆಳಿಗ್ಗೆ ಹುಳಿಯ ಕೊಳದಪ್ಪಲೆ, ಬಾತಿನ ಪಾತ್ರೆ, ಪಾಯಸ, ಪಲ್ಯ, ಕೋಸಂಬರಿ ಎಲ್ಲ ಗಾಡಿಯೇರಿದವು. ಪ್ರಕಾಶ್ ಬ್ರೇಕು ತುಳಿದರು. ಬಾಲ್ಕನಿಗಳು “ನಹೀಂ ಜಲೀ” ಎಂದವು. ಬಾಡಿಗೆಗೆ ಬೇರೆ ಗಾಡಿ ಹುಡುಕಿದರೆ, ಮದುವೆಯ ಲಗ್ನದ ದಿನ, ಒಂದೂ ಇಲ್ಲ. ಹೆದ್ದಾರಿಯಲ್ಲಿ ಬ್ರೇಕ್ ಲೈಟಿಲ್ಲದೆ ಹೋಗುವುದೆಂದರೆ ಹಿಂದಿನ ಬಸ್ಸಿಗೆ ಊಟಕ್ಕೆ ಆಹ್ವಾನ ಕೊಟ್ಟಂತೆ.

ಅತ್ತೆ ಮನೆಯೊಳಗೆ ಹೋಗಿ ಒಂದು ಕೆಂಪು ರವಿಕೆ ಕಣ ತಂದರು. ನಿಮಗೂ ಗೊತ್ತಿರುತ್ತದೆ; ಅರಿಸಿನ ಕುಂಕುಮದ ಜೊತೆ ಸಿಕ್ಕು, ಯಾರೂ ಹೊಲಿಸದೆ, ಮನೆಯಿಂದ ಮನೆಗೆ ಆತ್ಮದಂತೆ ಅಲೆಯುವ ಬಟ್ಟೆ ಅದು.

“ವೀಣಾ, ಹಿಂದೆ ಹತ್ತು. ಅವನು ಬ್ರೇಕು ಹಾಕಿದಾಗ ಇದನ್ನ ಬೀಸು.”

“ನಾನಾ ಅತ್ತೆ?”

“ತಪ್ಪು ಹುಡುಕೋದು ನಿನ್ನ ಕೆಲಸ ಅಂದ್ಯಲ್ಲ. ಸಿಕ್ಕಿದೆ, ಈಗ ತೋರಿಸು ಎಲ್ಲರಿಗೂ. ನಾನೂ ಬರ್ತೀನಿ, ಹುಳಿ ಪಾತ್ರೆ ಹಿಡ್ಕೊಳ್ಳೋಕೆ ಜನ ಬೇಕು.”

ಊಟದ ಆಸೆಗೆ ಅಂದೂ ಬಂದಿದ್ದ ನಜೀರ್ ಮುಂದೆ ಕೂತು ವ್ಯವಸ್ಥೆ ರೂಪಿಸಿದ. ಪ್ರಕಾಶ್ ಬ್ರೇಕು ತುಳಿಯುವ ಮೊದಲು “ಬ್ರೇಕ್” ಎನ್ನಬೇಕು, ಅವನು ಹಿಂದಿನ ಗಾಜಿಗೆ ತಟ್ಟಬೇಕು, ನಾನು ಬೀಸಬೇಕು. ಕಾಗದದ ಮೇಲೆ ಚೆನ್ನಾಗಿತ್ತು. ರಸ್ತೆಯಲ್ಲಿ ಪ್ರಕಾಶ್ ಮೊದಲು ತುಳಿದು, ಆಮೇಲೆ ಮುಂದಿನವನಿಗೆ ಬೈದು, ಅದೂ ಮುಗಿದ ಮೇಲೆ “ಬ್ರೇಕ್” ಎನ್ನುತ್ತಿದ್ದರು. ಸ್ವಲ್ಪ ಹೊತ್ತಿನಲ್ಲೇ ನಾನು ಗಾಜನ್ನು ಕಾಯುವುದು ಬಿಟ್ಟು, ಹುಳಿಯ ಪಾತ್ರೆ ಮುಂದಕ್ಕೆ ವಾಲಿದೊಡನೆ ಬಟ್ಟೆ ಬೀಸತೊಡಗಿದೆ. ಹುಳಿ ಸುಳ್ಳು ಹೇಳುವುದಿಲ್ಲ.

ಮೊದಮೊದಲು ನಾಚಿಕೆಯಿಂದ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದೆ. ಆಫೀಸಿನವರು ಯಾರಾದರೂ ಕಂಡರೆ? ಆದರೆ ಹಿಂದೆ ಬರುತ್ತಿದ್ದವರ ವರ್ತನೆ ನನ್ನ ಸಂಕೋಚವನ್ನು ಕಳೆಯಿತು. ದಿಲ್ಲಿಯಲ್ಲಿ ಅಷ್ಟು ವರ್ಷವಿದ್ದು ನಾನು ಕಂಡಿರದ ಮರ್ಯಾದೆ ಅಂದು ಕಂಡೆ. ನಾನು ಬೀಸಿದೊಡನೆ ದೊಡ್ಡ ದೊಡ್ಡ ಕಾರುಗಳು ದೂರದಲ್ಲೇ ನಿಲ್ಲುತ್ತಿದ್ದವು. ಬಸ್ಸಿನ ಕಂಡಕ್ಟರು ಕೈ ಮುಗಿದ. ಕಾರೊಂದರ ಹಿಂದಿನ ಸೀಟಿನ ಮಕ್ಕಳು ತಮ್ಮ ಕರ್ಚೀಫು ಬೀಸಿ ಉತ್ತರ ಕೊಟ್ಟವು. ಯಮುನೆಯ ಸೇತುವೆ ದಾಟಿದ ಮೇಲೆ ಪೊಲೀಸಿನವರೊಬ್ಬರು ಕೈ ಅಡ್ಡ ಹಿಡಿದರು. ಗಾಡಿಯನ್ನು ಒಂದು ಸುತ್ತು ಹಾಕಿ, ನನ್ನನ್ನೂ ಬಟ್ಟೆಯನ್ನೂ ನೋಡಿದರು.

“ಯೇ ಕ್ಯಾ ಹೈ, ಮೇಡಮ್?”

“ಬ್ರೇಕ್ ಲೈಟ್, ಸರ್” ಎಂದೆ.

ಅವರು ಬಹಳ ಯೋಚಿಸಿದರು. ದೀಪವಿಲ್ಲದ್ದಕ್ಕೆ ದಂಡ ಹಾಕಬಹುದು. ಆದರೆ ಎದುರಿಗೆ ಒಂದು ದೀಪ ಕೂತು ಉತ್ತರ ಕೊಡುತ್ತಿದೆ. “ಔರ್ ಇಂಡಿಕೇಟರ್?” ಎಂದು ಅತ್ತೆಯ ಕಡೆ ನೋಡಿದರು. ಅತ್ತೆಗೆ ಮಾತು ತಿಳಿಯಲಿಲ್ಲ, ಆದರೆ ಹೆಡ್‌ಮಿಸ್ಸಿನ ದೃಷ್ಟಿಯನ್ನು ಅವರ ಮೇಲೆ ನೆಟ್ಟರು. ಪೊಲೀಸಿನವರಿಗೆ ಚಿಕ್ಕಂದಿನಲ್ಲಿ ಹೋಮ್‌ವರ್ಕ್ ಮಾಡದೆ ಹೋದದ್ದು ನೆನಪಾಯಿತೋ ಏನೋ, “ಚಲೋ ಚಲೋ, ಧೀರೇ ಜಾನಾ, ಆಜ್ ಹೀ ಠೀಕ್ ಕರಾ ಲೇನಾ” ಎಂದು ಬಿಟ್ಟುಬಿಟ್ಟರು.

ಇಂಡಿಯಾ ಗೇಟಿನ ವೃತ್ತಕ್ಕೆ ಬಂದಾಗ ಅತ್ತೆ ಹುಳಿಯ ಪಾತ್ರೆಯಿಂದ ತಲೆಯೆತ್ತಿದರು. ನಾವು ಹಿಮ್ಮುಖವಾಗಿ ಕೂತಿದ್ದರಿಂದ ಅದು ಒಮ್ಮೆಲೇ ನಮ್ಮ ಬೆನ್ನ ಕಡೆಯಿಂದ ಬಂದು, ಕಣ್ಣ ಮುಂದೆ ಪೂರ್ತಿಯಾಗಿ ನಿಂತು, ಆಮೇಲೆ ನಿಧಾನವಾಗಿ ದೂರ ಸರಿಯತೊಡಗಿತು.

“ಇದೇನಾ?”

“ಹೌದು ಅತ್ತೆ. ಇಂಡಿಯಾ ಗೇಟ್.”

“ಎಷ್ಟು ವರ್ಷ ಈ ಚಿತ್ರ ತೋರಿಸಿ ಪಾಠ ಮಾಡಿದೀನೇ... ಪುಸ್ತಕದಲ್ಲಿ ಬೆಂಕಿಪೊಟ್ಟಣದಷ್ಟಿತ್ತು. ಮಕ್ಕಳು ‘ಮಿಸ್, ಇದರೊಳಗೆ ಆನೆ ಹೋಗುತ್ತಾ’ ಅಂತ ಕೇಳೋವು. ‘ಸುಮ್ನಿರ್ರೋ’ ಅಂತಿದ್ದೆ.” ಸ್ವಲ್ಪ ಹೊತ್ತು ನೋಡಿ, “ಆನೆಗಳ ಹಿಂಡೇ ಹೋಗುತ್ತಲ್ಲೇ” ಎಂದರು. ಸೆರಗಿನಿಂದ ಕಣ್ಣೊರೆಸಿಕೊಂಡು, “ಹಾಳು ಗಾಳಿ” ಎಂದು ಬೈದರು.

ಅವರು ದಿಲ್ಲಿಗೆ ಬಂದು ವರ್ಷವಾಗಿತ್ತು. ನಾವು ಅವರಿಗೆ ತೋರಿಸಿದ್ದು ಮಾಲ್ ಮತ್ತು ಡೆಂಟಿಸ್ಟನ್ನು. ಮುಂದೆ ದಾರಿಯುದ್ದಕ್ಕೂ ಅವರು ಕೇಳುತ್ತ ಹೋದರು, ನಾನು ಹೇಳುತ್ತ ಹೋದೆ. ಆ ಬಾವುಟ ಯಾವ ದೇಶದ್ದು, ಈ ಮರ ಯಾವುದು, ಈ ಬಂಗಲೆಯಲ್ಲಿ ಯಾರಿರುತ್ತಾರೆ. ನನಗೆ ಗೊತ್ತಿಲ್ಲದ್ದನ್ನೂ ಧೈರ್ಯವಾಗಿ ಹೇಳಿದೆ. ಮಧ್ಯೆ ಇದ್ದಕ್ಕಿದ್ದಂತೆ, “ಆಫೀಸಿನಲ್ಲಿ ನಿನ್ನ ಯಾರಾದರೂ ಬೈತಾರೇನೇ?” ಎಂದರು. ಮ್ಯಾನೇಜರ್ ಒಬ್ಬನಿದ್ದಾನೆ ಎಂದೆ. “ಒಂದಿನ ಊಟಕ್ಕೆ ಕರಿ. ನಾನು ನೋಡ್ಕೋತೀನಿ.” ಅಷ್ಟರಲ್ಲಿ ಹುಳಿ ವಾಲಿತು; ಬೀಸುವುದನ್ನು ಮರೆತಿದ್ದೆ. ಒಂದು ಸೌಟಿನಷ್ಟು ಚೆಲ್ಲಿತು. ಹಿಂದಿನ ಕಾರು ಕಿರ್ರೆಂದು ನಿಂತಿತು. ಅತ್ತೆ, “ಕೆಲಸದ ಮೇಲೆ ಗಮನ ಇರಲಿ” ಎಂದರು, ಆದರೆ ನಗುತ್ತಲೇ.

ಅತಿಥಿಗೃಹದ ಅಂಗಳದಲ್ಲಿ ಅಧಿಕಾರಿಗಳ ಬಿಳಿ ಕಾರುಗಳು ಸಾಲಾಗಿ ನಿಂತಿದ್ದವು. ಒಂದೊಂದರ ನೆತ್ತಿಯ ಮೇಲೂ ಕೆಂಪು ದೀಪ. ನಿಲ್ಲುತ್ತೇನೆ ಎಂದು ಹಿಂದಿನವರಿಗೆ ತಿಳಿಸುವ ದೀಪಕ್ಕಾಗಿ ನಾವು ವಾರವೆಲ್ಲ ಪರದಾಡಿದ್ದೆವು. ನಿಲ್ಲುವುದಿಲ್ಲ ಎಂದು ಮುಂದಿನವರಿಗೆ ತಿಳಿಸುವ ದೀಪಗಳು ಇಲ್ಲಿ ಬೇಕಾದಷ್ಟಿದ್ದವು. ಒಂದನ್ನು ಕೇಳಿ ಪಡೆಯೋಣವೇ ಎಂದ ನಜೀರ್. ಊಟ ಬಿಸಿಯಾಗಿಯೇ ತಲುಪಿತ್ತು. ಬೀಳ್ಕೊಡುಗೆಯ ಭಾಷಣಗಳು ಹುಳಿಯ ಪರಿಮಳ ಬರುತ್ತಿದ್ದಂತೆ ತಾವಾಗಿಯೇ ಚಿಕ್ಕದಾದವು. ಆ ಹಿರಿಯ ಅಧಿಕಾರಿ ಮೂರನೆಯ ಸಲ ಹುಳಿ ಹಾಕಿಸಿಕೊಂಡು, “ಅಮ್ಮ, ನಮ್ಮ ಕಡೆಯ ಕೈ” ಎಂದರು. ಅತ್ತೆ, “ಎಲೆಯಲ್ಲಿ ಪಲ್ಯ ಬಿಟ್ಟಿದೀರಿ, ಮೊದಲು ಅದು ತಿನ್ನಿ” ಎಂದರು. ಅವರು ತಿಂದರು.

ಮಾರನೆಯ ದಿನ ಗಾಡಿಯ ಹಿಂಭಾಗವೆಲ್ಲ ಹುಳಿ ವಾಸನೆ. ಅತ್ತೆ ಇಳಿದು ಬಂದು ತೆಂಗಿನ ನಾರು ಹಿಡಿದು ತಿಕ್ಕಿಸಲು ನಿಂತರು. ತಿಕ್ಕಿದವಳು ನಾನೇ. ಮೂಲೆಯಲ್ಲಿ ದೀಪದ ಹತ್ತಿರ ಒಂದು ಬೋಲ್ಟು, ಅದಕ್ಕೆ ಸುತ್ತಿದ ತಂತಿಗೆ ಹಸಿರು ಕಿಲುಬು. ವಾರವಾರ ಚೆಲ್ಲಿದ ಹುಳಿಯೆಲ್ಲ ಆ ಮೂಲೆಗೇ ಇಳಿಯುತ್ತಿತ್ತು. “ಇದೇನೇ ಗಲೀಜು! ಹಿತ್ತಾಳೆ ಪಾತ್ರೆಗೆ ಹಿಡಿದ ಹಾಗೆ ಹಿಡಿದಿದೆ. ಹುಣಿಸೆಹಣ್ಣು ಉಪ್ಪು ಹಾಕಿ ಉಜ್ಜು. ಪ್ರಕಾಶ, ಈ ಬೋಲ್ಟು ಅಲ್ಲಾಡ್ತಿದೆ, ಪಾತ್ರೆ ತಳ ಗೀಚುತ್ತೆ, ಬಿಗಿ ಮಾಡೋ.” ನಾನು ಉಜ್ಜಿ ತೊಳೆದೆ, ಅವರ ಬಾಯಿಗೆ ಹೆದರಿ ಪ್ರಕಾಶ್ ಬಿಗಿ ಮಾಡಿದರು. ಆಮೇಲೆ ನೀರು ಹರಿದುಹೋಗಲೆಂದು ಗಾಡಿಯನ್ನು ಹಿಂದಕ್ಕೆ ತೆಗೆದು ಬ್ರೇಕು ತುಳಿದರು.

ಮೇಲಿನ ಮಹಡಿಗಳಿಂದ ಸಿಡಿಲಿನಂತೆ ಕೂಗು ಬಂತು: “ಜಲ್ ಗಯೀ! ಜಲ್ ಗಯೀ!”

ಎರಡೂ ದೀಪಗಳು ಕುಂಕುಮದಂತೆ ಉರಿಯುತ್ತಿದ್ದವು. ನಜೀರ್ ಹುಡುಕುತ್ತಿದ್ದ ಅರ್ಥ್ ತಂತಿ ಆ ಬೋಲ್ಟಿನದ್ದೇ; ಅದನ್ನು ಕೆಡಿಸಿದ್ದೂ ಹುಣಿಸೆ, ಸರಿಮಾಡಿದ್ದೂ ಹುಣಿಸೆ. ಆದರೆ ಅದನ್ನು ಒಪ್ಪುವವರಾರು? ತಾವು ಹಾಕಿದ ಹೊಸ ಬಲ್ಬಿನ ಗುಣ ಎಂದರು ಪ್ರಕಾಶ್. ಅರ್ಥ್ ಎಂದು ನಾನು ಮೊದಲೇ ಹೇಳಿರಲಿಲ್ಲವೇ ಎಂದು ನಜೀರ್ ಫೋನಿನಲ್ಲೇ ಕುಣಿದ. ಹೇಳಿದ್ದ, ನಿಜ, ಹುಡುಕಿದ್ದು ಮಾತ್ರ ಗಾಡಿಯ ಇನ್ನೊಂದು ತುದಿಯಲ್ಲಿ. ಸಕ್ಸೇನಾಜಿ ತಮ್ಮ ಸ್ವಿಚ್ಚಿನ ಸಲಹೆಯನ್ನು ಸೊಸೈಟಿಯ ಮೀಟಿಂಗಿನಲ್ಲಿ ಪ್ರಸ್ತಾಪಿಸಿದರಂತೆ. ಅತ್ತೆ ಮಾತ್ರ ತಮ್ಮ ಪಾಲು ಕೇಳಲಿಲ್ಲ. ಅವರಿಗೆ ಬೋಲ್ಟು ಪಾತ್ರೆಗೆ ತಗುಲದೆ ಇದ್ದರೆ ಆಯಿತು.

ಮುಂದಿನ ಭಾನುವಾರ ನೋಯ್ಡಾದಲ್ಲೊಂದು ಸೀಮಂತ. ನಾನು, ಅತ್ತೆ, ಪ್ರಕಾಶ್ ಮೂವರೂ ಮುಂದೆ ಕೂತು, ಸಭ್ಯ ಸಂಸಾರದಂತೆ ಹೊರಟೆವು. ಪ್ರಕಾಶ್ ಬೇಕಾದಲ್ಲಿ ಬೇಡವಾದಲ್ಲಿ ಬ್ರೇಕು ತುಳಿದು ಹಿಂದಿನವರಿಗೆ ದೀಪಾವಳಿ ತೋರಿಸುತ್ತಿದ್ದರು. ಸೆಕ್ಟರಿನ ತಿರುವಿನಲ್ಲಿ ಸಿಗ್ನಲ್ ಕೆಂಪಾಯಿತು, ನಾವು ನಿಂತೆವು, ಢಬ್ಬೆಂದು ಹಿಂದಿನಿಂದ ಒಂದು ಕಾರು ಗುದ್ದಿತು. ಪಾತ್ರೆಗಳಿಗೇನೂ ಆಗಲಿಲ್ಲ, ಆದರೆ ಪ್ರಕಾಶರ ಹೃದಯ ಒಡೆಯಿತು. ಇಳಿದು ಓಡಿದರು. ಹಿಂದೆ ನಾವೂ ಹೋದೆವು.

“ಬತ್ತೀ ಜಲ್ ರಹೀ ಥೀ, ಭಾಯಿಸಾಬ್! ದೋನೋಂ!” ಎಂದು ದೀಪಗಳನ್ನು ತೋರಿಸುತ್ತ ಪ್ರಕಾಶ್ ಅಳುವಂತಾದರು.

ಕಾರಿನಿಂದ ಇಳಿದ ದಪ್ಪ ಮೀಸೆಯ ಗಂಡಸು ಪ್ರಾಮಾಣಿಕವಾಗಿ ಆಶ್ಚರ್ಯಪಟ್ಟ. “ಅಜೀ, ಬತ್ತೀ ಕೌನ್ ದೇಖತಾ ಹೈ?”

“ಏನಂತೆ ವೀಣಾ?” ಎಂದರು ಅತ್ತೆ.

“ದೀಪ ಯಾರು ನೋಡ್ತಾರೆ ಅಂತ ಕೇಳ್ತಿದಾರೆ ಅತ್ತೆ.”

ಅತ್ತೆ ಆ ಮನುಷ್ಯನನ್ನು ತಲೆಯಿಂದ ಕಾಲಿನವರೆಗೆ ನೋಡಿದರು. ಅವನು ತನಗರಿವಿಲ್ಲದೆ ಅಂಗಿಯ ಮೇಲಿನ ಗುಂಡಿ ಹಾಕಿಕೊಂಡ. “ಸತ್ಯ ಹೇಳಿದ” ಎಂದರು ಅತ್ತೆ. ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ನನ್ನ ಭುಜ ಹಿಡಿದು ಗಾಡಿಯ ಹಿಂಭಾಗಕ್ಕೆ ಹತ್ತಿದರು. “ನೀನೂ ಬಾರೇ. ಒಳಗೆ ಕೂತರೆ ಇವನ ಗೊಣಗಾಟ ಬಿಟ್ಟು ಬೇರೇನೂ ಕೇಳಲ್ಲ. ಇಲ್ಲಿ ಊರಾದರೂ ಕಾಣುತ್ತೆ.”

ನಾನು ಹತ್ತಿದೆ. ಬೀಸಲು ಕೈಯಲ್ಲಿ ಏನೂ ಇರಲಿಲ್ಲ, ಬೇಕಾಗಲೂ ಇಲ್ಲ. ಅತ್ತೆ ಪಾಯಸದ ಪಾತ್ರೆಗೆ ಒರಗಿ, ರಸ್ತೆಯನ್ನು ಶಾಲೆಯ ಬೆಳಗಿನ ಪ್ರಾರ್ಥನೆಯ ಸಾಲಿನಂತೆ ಒಮ್ಮೆ ದಿಟ್ಟಿಸಿದರು. ಸಿಗ್ನಲ್ ಹಸಿರಾಯಿತು. ನಮ್ಮ ಪಿಕಪ್ ಹೊರಟಿತು. ಗುದ್ದಿದವನು ಒಂದು ಬಸ್ಸು ಹಿಡಿಸುವಷ್ಟು ಜಾಗ ಬಿಟ್ಟುಕೊಂಡು, ಹಾರ್ನ್ ಕೂಡ ಮಾಡದೆ, ನಮ್ಮ ಹಿಂದೆ ನಿಧಾನವಾಗಿ ಬರತೊಡಗಿದ.